ಸ್ವಲ್ಪ ನಿಲ್ಸು, ಇಲ್ಲಿ ಬಾ

ರಾತ್ರಿ ಊಟದ ಹೊತ್ತಿಗೆ ನಮ್ಮನೆಯಲ್ಲಿ ದಿನಾ ಒಂದೇ ಮಾತು. ತಟ್ಟೆ ಹಾಕಿದೀನಿ ಬಾರೋ ಅಂತ ನಾನು ಅಡುಗೆಮನೆಯಿಂದ ಕೂಗುತ್ತೇನೆ. ಮಗ ರೂಮಿನಿಂದಲೇ ಉತ್ತರ ಕೊಡುತ್ತಾನೆ. "ಅಮ್ಮ, ಪಾಝ್ ಮಾಡಕ್ಕಾಗಲ್ಲ, ಆನ್‌ಲೈನ್ ಮ್ಯಾಚು!" ಅವನು ಆಡುವುದು ಬಿಜಿಎಂಐ. ನೂರು ಆಟಗಾರರು ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ, ಕೊನೆವರೆಗೂ ಉಳಿದುಕೊಂಡವರು ಗೆದ್ದ ಹಾಗೆ. ಒಂದು ಮ್ಯಾಚಿಗೆ ಹತ್ತಿರ ಹತ್ತಿರ ಅರ್ಧ ಗಂಟೆ ಹಿಡಿಯುತ್ತದೆ. ನಡುವೆ ನಿಲ್ಲಿಸುವ ಹಾಗಿಲ್ಲ. ಅವನ ಸ್ಕ್ವಾಡಿನ ಇನ್ನೂ ಮೂರು ಹುಡುಗರು ಅವರವರ ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿರುತ್ತಾರೆ. ಅವರ ಅಮ್ಮಂದಿರೂ ಅದೇ ಹೊತ್ತಿಗೆ ತಟ್ಟೆ ಹಾಕಿ ಕರೆಯುತ್ತಿರುತ್ತಾರೆ ಅನ್ನಿಸುತ್ತದೆ ನನಗೆ.

ಒಂದು ಶನಿವಾರ ಅವನು ಹೀಗೇ ಹೇಳಿ, ಮ್ಯಾಚು ಮುಗಿಸಿಯೇ ಊಟಕ್ಕೆ ಬಂದ. ಎಲ್ಲರ ಊಟ ಆದ ಮೇಲೆ ನಾನು ಟಿವಿ ಮುಂದೆ ಕೂತೆ. ಬಹಳ ದಿನದಿಂದ ನೋಡಬೇಕು ಅಂದುಕೊಂಡಿದ್ದ ಸಿನಿಮಾ. ಹತ್ತು ನಿಮಿಷ ಆಗಿರಲಿಲ್ಲ, ನಮ್ಮನೆಯವರು ಬಂದು "ಸ್ವಲ್ಪ ನಿಲ್ಸು, ಗ್ಯಾಸ್ ಬುಕ್ ಮಾಡಿದ್ದಕ್ಕೆ ಓಟಿಪಿ ಬಂದಿದೆಯಾ ನೋಡು" ಅಂದರು. ಆಮೇಲೆ ಮಗ ಬಂದ, ನಾಳೆಯ ಟ್ಯೂಷನ್ ಫೀಸಿನ ವಿಷಯ. ಆಮೇಲೆ ಅಮ್ಮ, ರಾತ್ರಿ ಮಾತ್ರೆಯ ಹೊಸ ಡಬ್ಬ ಎಲ್ಲಿಟ್ಟಿದೀಯೇ ಅಂತ. ಒಬ್ಬರೂ ಒರಟಾಗಿ ಕೇಳಲಿಲ್ಲ, ಒಂದೂ ಸುಮ್ಮನೆ ಕೇಳಿದ್ದಲ್ಲ. ನಾನೂ ಬೇಜಾರಿಲ್ಲದೆ ಎದ್ದು ಹೋದೆ. ಎರಡೂವರೆ ಗಂಟೆಯ ಸಿನಿಮಾ ಮುಗಿಯುವಷ್ಟರಲ್ಲಿ ಒಂದು ಗಂಟೆ ರಾತ್ರಿ. ಕತೆ ಏನು ಅಂತ ಕೇಳಿದರೆ ಹೇಳಬಲ್ಲೆ. ಸಿನಿಮಾ ನೋಡಿದೆ ಅಂತ ಮಾತ್ರ ಅನ್ನಿಸಲಿಲ್ಲ.

ಮಲಗಿದ ಮೇಲೆ ತಲೆಯಲ್ಲಿ ಇದೇ ಓಡುತ್ತಿತ್ತು. ನನ್ನ ಸಿನಿಮಾ ನಿಲ್ಲುತ್ತದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ನಿಲ್ಲಿಸುತ್ತಾರೆ. ಅವನ ಆಟ ನಿಲ್ಲಲ್ಲ ಅಂತಲೂ ಎಲ್ಲರಿಗೂ ಗೊತ್ತು, ಅದಕ್ಕೇ ಕಾಯುತ್ತಾರೆ. ಫೋನು ಬಂದು ನಮ್ಮ ಗಮನ ಹಾಳಾಯಿತು, ಒಂದು ಕಡೆ ಕೂತು ಏನನ್ನೂ ಪೂರ್ತಿ ನೋಡಲಾರೆವು ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ಇರಬಹುದು. ಆದರೆ ನನ್ನ ಕಷ್ಟ ಗಮನದ್ದಲ್ಲ. ಬಿಟ್ಟರೆ ನಾನು ಮೂರು ಗಂಟೆ ಅಲ್ಲಾಡದೆ ಕೂರುತ್ತೇನೆ. ಬಿಡುವು ಅಂದರೆ ಯಾರಾದರೂ ಕರೆದರೂ ಹೋಗಬೇಕಿಲ್ಲದ ಹೊತ್ತು ಅಲ್ವಾ? ಆ ಹೊತ್ತು ಮೊದಲು ನಮಗೆ ಹೇಗೋ ಸಿಗುತ್ತಿತ್ತು. ಅದು ಎಲ್ಲಿಂದ ಸಿಗುತ್ತಿತ್ತು ಅಂತ ಯೋಚಿಸುತ್ತಾ ಹೋದಾಗ ಮೂರು ಜಾಗ ನೆನಪಾದವು. ಆಟ, ಸಿನಿಮಾ, ಸಂಗೀತ ಕಛೇರಿ.

ಆರು ಗಂಟೆಗೆ ಕರೆಂಟ್ ಹೋಗುತ್ತೆ

ತೊಂಬತ್ತರ ದಶಕದ ತುಮಕೂರು. ಒಂದು ಬೇಸಿಗೆ ರಜದಲ್ಲಿ ನಮ್ಮ ಸೋದರಮಾವ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಿಂದ ವಿಡಿಯೋ ಗೇಮ್ ಸೆಟ್ಟು ತಂದುಕೊಟ್ಟರು. ಎರಡು ವೈರಿನ ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಟಿವಿಯ ಹಿಂದೆ ಆಂಟೆನಾ ವೈರು ಕಿತ್ತು ಇದರ ವೈರು ಸಿಕ್ಕಿಸಬೇಕು. ಆಮೇಲೆ ಟಿವಿಯ ಪುಟ್ಟ ತಿರುಗಣೆಯನ್ನು ಉಗುರಲ್ಲಿ ತಿರುಗಿಸುತ್ತಾ ಹೋದರೆ ಕಪ್ಪು ಬಿಳಿ ಚುಕ್ಕೆಗಳ ನಡುವಿನಿಂದ ಚಿತ್ರ ಮೂಡುತ್ತಿತ್ತು. ಕ್ಯಾಸೆಟ್ಟು ಓಡದಿದ್ದರೆ ಅದರ ಬಾಯಿಗೆ ಉಫ್ ಅಂತ ಊದಿ ಮತ್ತೆ ಹಾಕುವುದು. ಆ ಕಾಲದಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ನಾನೂ ತಮ್ಮನೂ ಆಡುತ್ತಿದ್ದದ್ದು ಕಾಂಟ್ರಾ. ಇಬ್ಬರೂ ಒಟ್ಟಿಗೆ ಆಡಬಹುದಾದ ಆಟ, ಒಬ್ಬೊಬ್ಬರಿಗೆ ಮೂರು ಜೀವ. ಅದರ ಮೂರನೇ ಹಂತ ಒಂದು ಜಲಪಾತ. ಕೆಳಗಿನಿಂದ ಬಂಡೆಯಿಂದ ಬಂಡೆಗೆ ನೆಗೆಯುತ್ತಾ ಹತ್ತಿಕೊಂಡು ಹೋಗಬೇಕು. ಒಬ್ಬರು ಮೇಲೆ ನೆಗೆದ ಹಾಗೆ ಪರದೆಯೂ ಮೇಲಕ್ಕೆ ಹೋಗುತ್ತದೆ, ಕೆಳಗೆ ಉಳಿದವರು ಪರದೆಯಿಂದ ಜಾರಿ ಸತ್ತೇಹೋಗುತ್ತಾರೆ. ಹಾಗಾಗಿ ಕೈ ಎಷ್ಟೇ ಚುರುಕಾಗಿದ್ದರೂ ಪಕ್ಕದವರನ್ನು ಬಿಟ್ಟು ಹತ್ತುವ ಹಾಗಿಲ್ಲ. "ಅಕ್ಕ, ನಿಲ್ಲು ನಿಲ್ಲು, ನಾನಿನ್ನೂ ಈ ಬಂಡೆ ಮೇಲಿದೀನಿ!" ಅಂತ ಅವನು ಕಿರುಚುತ್ತಿದ್ದ. ನಾನು ಮೇಲಿನ ಬಂಡೆಯ ತುದಿಯಲ್ಲಿ ನಿಂತು ಬರುವ ಗುಂಡುಗಳನ್ನು ತಪ್ಪಿಸಿಕೊಳ್ಳುತ್ತಾ ಅವನಿಗೆ ಕಾಯಬೇಕು. ಇಡೀ ಆಟದಲ್ಲಿ ನನಗೆ ತುಂಬಾ ಇಷ್ಟವಾಗಿದ್ದ ಜಾಗ ಅದೇ.

ಹಾಗೆ ನೋಡಿದರೆ ಆ ಸೆಟ್ಟಿನಲ್ಲೂ ನಿಲ್ಲಿಸುವ ಗುಂಡಿ ಇತ್ತು. ಸ್ಟಾರ್ಟ್ ಒತ್ತಿದರೆ ಎಲ್ಲ ಹಾಗೇ ನಿಂತುಬಿಡುತ್ತಿತ್ತು. ಆದರೆ ಆಟವನ್ನು ಉಳಿಸಿಟ್ಟು ನಾಳೆ ಮುಂದುವರಿಸುವ ಹಾಗಿರಲಿಲ್ಲ. ಅಡಾಪ್ಟರು ಜಾಸ್ತಿ ಹೊತ್ತಿಗೆ ಮುಟ್ಟಲಾರದಷ್ಟು ಬಿಸಿಯಾಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಸಂಜೆ ಆರಕ್ಕೆ ಕರೆಂಟು ಹೋಗುತ್ತಿತ್ತು. ಆಗಿನ ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಅಂದರೆ ಹೊತ್ತು ನೋಡಿಕೊಂಡು ಅಡುಗೆ ಮಾಡುವಷ್ಟು ನಿಯಮ. ಕರೆಂಟು ಹೋದರೆ ಅಷ್ಟೂ ಹೋಯಿತು, ನಾಳೆ ಮತ್ತೆ ಮೊದಲಿನಿಂದ. ಇದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಅಂಗಡಿಗೆ ಕಳಿಸಲು ಕೂಗಿದರೆ "ಆರು ಗಂಟೆಗೆ ಹೇಗೂ ಕರೆಂಟ್ ಹೋಗುತ್ತೆ, ಆಮೇಲೆ ಹೋಗ್ತಾವೆ ಬಿಡಿ" ಅನ್ನುತ್ತಿದ್ದಳು. ಹಾಲು ತರುವುದು, ಹಿಟ್ಟಿನ ಗಿರಣಿ, ಎದುರುಮನೆಗೆ ಪಾತ್ರೆ ವಾಪಸ್ ಕೊಡುವುದು, ಎಲ್ಲ ಆರು ಗಂಟೆಯ ಮೇಲೆ. ಅಲ್ಲಿಯವರೆಗೆ ಆ ಹೊತ್ತು ನಮ್ಮದು.

ಪಕ್ಕದ ಬೀದಿಯ ಹುಡುಗನೊಬ್ಬ ಮೂವತ್ತು ಜೀವದ ಗುಟ್ಟು ಹೇಳಿಕೊಟ್ಟ ಮೇಲೆ ಆರರೊಳಗೆ ಆಟ ಮುಗಿಸುವುದೂ ಸಾಧ್ಯವಾಯಿತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ತಮ್ಮ ಇದನ್ನು ಲೆಕ್ಕದ ನೋಟ್‌ಬುಕ್ಕಿನ ಹಿಂದೆ ಬಾಣದ ಗುರುತು ಹಾಕಿ ಬರೆದಿಟ್ಟಿದ್ದ. ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ ಅನ್ನುವವರು 1986ರಲ್ಲಿ ಬೇರೆ ಒಂದು ಆಟವನ್ನು ಮನೆಯ ಸೆಟ್ಟಿಗೆ ತರುವಾಗ, ಅದು ತೀರಾ ಕಷ್ಟ ಅಂತ ತಾವು ಪರೀಕ್ಷೆ ಮಾಡಿ ನೋಡಲು ಇಟ್ಟುಕೊಂಡಿದ್ದ ಗುಟ್ಟು ಅದು. ಜಪಾನಿನ ಒಬ್ಬ ಇಂಜಿನಿಯರ್ ತನ್ನ ಕೆಲಸ ಹಗುರ ಮಾಡಿಕೊಳ್ಳಲು ಮಾಡಿದ್ದು ತುಮಕೂರಿನ ಒಂದು ಲೆಕ್ಕದ ಪುಸ್ತಕದ ತನಕ ಬಂತಲ್ಲ ಅಂತ ನನಗೆ ಈಗಲೂ ಖುಷಿ.

ಅಮ್ಮನ ಮ್ಯಾಟಿನಿ

ಅಮ್ಮನಿಗೆ ಸಿನಿಮಾ ಅಂದರೆ ಎರಡೂವರೆ ಆಟ. ಬೆಳಗ್ಗೆಯೇ ಅಡುಗೆ ಮುಗಿಸಿ, ರಾತ್ರಿಗೆ ಸಾರು ಮಾಡಿಟ್ಟು, ಅಕ್ಕಪಕ್ಕದ ಮನೆಯ ಇಬ್ಬರು ಮೂವರು ಹೆಂಗಸರ ಜೊತೆ ನಡೆದುಕೊಂಡೇ ಟಾಕೀಸಿಗೆ ಹೋಗುತ್ತಿದ್ದಳು. ಹೆಂಗಸರಿಗೆ ಬೇರೆ ಕೌಂಟರ್ ಇರುತ್ತಿದ್ದರಿಂದ ಗಂಡಸರ ಸಾಲಿನ ನೂಕುನುಗ್ಗಲು ಇರಲಿಲ್ಲ. ಯಾವ ಸಿನಿಮಾ ಅನ್ನುವುದು ಅವಳಿಗೆ ಅಷ್ಟು ಮುಖ್ಯ ಆಗಿರಲಿಲ್ಲ. ಚೆನ್ನಾಗಿಲ್ಲದಿದ್ದರೂ ಪೂರ್ತಿ ನೋಡಿಯೇ ಬರುತ್ತಿದ್ದಳು. ಯಾಕಮ್ಮ ಅಂತ ಒಮ್ಮೆ ಕೇಳಿದ್ದಕ್ಕೆ "ಅಲ್ಲಿ ಯಾರೂ ಕಾಫಿ ಕೇಳಲ್ಲ ಕಣೇ" ಅಂದಳು.

ನಿಜವಾಗಿ ಯಾರೂ ಕೇಳುವ ಹಾಗೂ ಇರಲಿಲ್ಲ. ಕತ್ತಲಲ್ಲಿ ಐನೂರು ಆರುನೂರು ಜನ ಕೂತಿರುವ ಕಡೆ ಒಬ್ಬರನ್ನು ಹುಡುಕುವುದು ಹೇಗೆ? ತೀರಾ ತುರ್ತು ಇದ್ದರೆ ಒಂದೇ ದಾರಿ. ಟಾಕೀಸಿನವರಿಗೆ ಹೇಳಿದರೆ ಗಾಜಿನ ತುಂಡಿನ ಮೇಲೆ ಹೆಸರು ಬರೆದು ಪರದೆಯ ಮೇಲೆ ಸ್ಲೈಡ್ ಬಿಡುತ್ತಿದ್ದರು, ಇಂಥವರು ಕೂಡಲೇ ಹೊರಗೆ ಬರಬೇಕು ಅಂತ. ಹಾಡಿನ ನಡುವೆ ಹೀರೋ ಎದೆಯ ಮೇಲೆ ಯಾರದೋ ಹೆಸರು ಓರೆಯಾಗಿ ಬಂದು ನಿಂತಾಗ ಇಡೀ ಟಾಕೀಸು ತಿರುಗಿ ತಿರುಗಿ ನೋಡುತ್ತಿತ್ತು. ಎದ್ದುಹೋಗುವವರ ಬೆನ್ನನ್ನು ನೋಡಿ ಅಮ್ಮ "ಪಾಪ, ಏನಾಯ್ತೋ" ಅನ್ನುತ್ತಿದ್ದಳು. ಒಬ್ಬರನ್ನು ಸಿನಿಮಾದಿಂದ ಎಬ್ಬಿಸಬೇಕಾದರೆ ಅಷ್ಟು ದೊಡ್ಡ ಕಾರಣ ಇರಬೇಕಿತ್ತು. ಗ್ಯಾಸಿನ ಓಟಿಪಿಗೆ ಯಾರೂ ಸ್ಲೈಡ್ ಬಿಡುತ್ತಿರಲಿಲ್ಲ.

ನಡುವಿನ ನಿಲುಗಡೆಯೂ ಎಲ್ಲರದೂ ಆಗಿತ್ತು. ಇಂಟರ್‌ವಲ್. ಅಮ್ಮನ ಚಿಕ್ಕಂದಿನ ಟೆಂಟ್ ಸಿನಿಮಾದಲ್ಲಂತೂ ಒಂದೇ ಪ್ರೊಜೆಕ್ಟರ್ ಇದ್ದರೆ ರೀಲು ಬದಲಿಸುವಾಗೆಲ್ಲ ದೀಪ ಹಾಕುತ್ತಿದ್ದರಂತೆ, ಕಡಲೆಕಾಯಿ ಮಾರುವವರು ಅಷ್ಟರಲ್ಲಿ ನೆಲದ ಮೇಲೆ ಕೂತವರ ನಡುವೆ ಒಂದು ಸುತ್ತು ಹಾಕಿಬಿಡುತ್ತಿದ್ದರಂತೆ. ನಮ್ಮ ಸಿನಿಮಾ ಬರೆಯುವವರು ಇಂಟರ್‌ವಲ್ಲಿಗೆ ಒಂದು ತಿರುವು ಇಟ್ಟುಕೊಂಡೇ ಕತೆ ಕಟ್ಟುತ್ತಾರೆ. ಇಂಟರ್‌ವಲ್ಲೇ ಇಲ್ಲದ ಹಾಲಿವುಡ್ ಸಿನಿಮಾ ಬಂದರೂ ನಮ್ಮ ಮಲ್ಟಿಪ್ಲೆಕ್ಸಿನವರು ಅರ್ಧದಲ್ಲಿ ಕತ್ತರಿಸಿ ದೀಪ ಹಾಕುತ್ತಾರೆ. ಕೆಲವರಿಗೆ ಇದು ಬಹಳ ಸಿಟ್ಟು. ನನಗೆ ಇಲ್ಲ. ಆ ಹೊತ್ತಲ್ಲಿ ಸಮೋಸ ಹಿಡಿದುಕೊಂಡು ಮೆಟ್ಟಿಲ ಹತ್ತಿರ ನಿಂತರೆ, ಮುಂದೇನಾಗಬಹುದು ಅಂತ ಗುರುತಿಲ್ಲದವರೂ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ಆಮೇಲೆ ಬೆಲ್ಲು, ಎಲ್ಲರೂ ಒಟ್ಟಿಗೇ ಒಳಗೆ.

ಬೆಂಗಳೂರಿನಲ್ಲಿ ನಾನು ಕಂಡ ಎಷ್ಟೋ ಟಾಕೀಸು ಈಗ ಇಲ್ಲ. ಎಂ.ಜಿ. ರೋಡಿನ ಪ್ಲಾಜಾ ಇದ್ದ ಜಾಗದಲ್ಲಿ ಮೆಟ್ರೋ ಸ್ಟೇಷನ್ ಇದೆ. ಬ್ರಿಗೇಡ್ ರೋಡಿನ ರೆಕ್ಸ್ 2018ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. 1968ರಲ್ಲಿ ಶುರುವಾದ, ಅಷ್ಟು ದೊಡ್ಡ ಪರದೆಯ ಕಪಾಲಿಯನ್ನೂ ಕೆಡವಿದರು. 2020ರ ಲಾಕ್‌ಡೌನಿನಲ್ಲಿ ಕನ್ನಡ ಸಿನಿಮಾಗಳೂ ನೇರವಾಗಿ ಮನೆಯ ಟಿವಿಗೆ ಬಂದವು. ಕಟ್ಟಡ ಹೋದದ್ದಕ್ಕಿಂತ, ಎರಡೂವರೆಗೆ ಹೊರಟರೆ ಆರು ಗಂಟೆಯ ತನಕ ಸಿಗಲ್ಲ ಅಂತ ಮನೆಯವರಿಗೆ ತಾನಾಗೇ ಗೊತ್ತಾಗುತ್ತಿದ್ದ ಆ ವ್ಯವಸ್ಥೆ ಹೋದದ್ದು ನನಗೆ ಜಾಸ್ತಿ ಬೇಜಾರು. ಹೆಂಗಸರಿಗೆ ಅದು ದೊಡ್ಡ ವಿಷಯ. ರಜ ಬೇಕು ಅಂತ ಬಾಯಿಬಿಟ್ಟು ಕೇಳದೆಯೇ ಸಿಗುತ್ತಿದ್ದ ರಜ.

ತನಿ ಬಿಟ್ಟಾಗ

ತುಮಕೂರಿನ ನಮ್ಮ ಬಡಾವಣೆಯ ರಾಮಮಂದಿರದಲ್ಲಿ ರಾಮನವಮಿಗೆ ಸಂಗೀತ ಇಡುತ್ತಿದ್ದರು. ದೊಡ್ಡ ದೊಡ್ಡ ಹೆಸರಿನವರು ಬರುವುದು ಬೆಂಗಳೂರಿನ ಚಾಮರಾಜಪೇಟೆಗೆ, ಕೋಟೆ ಹೈಸ್ಕೂಲ್ ಮೈದಾನಕ್ಕೆ. ಅಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿದ್ದಾರೆ. ನಮ್ಮಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಆಗಿನ್ನೂ ಹೆಸರು ಮಾಡುತ್ತಿದ್ದ ಚಿಕ್ಕ ವಯಸ್ಸಿನವರು. ಜಮಖಾನೆ ಹಾಸಿರುತ್ತಿದ್ದರು, ಒಂದು ಮೂಲೆಯಲ್ಲಿ ಪಾನಕ, ಕೋಸಂಬರಿ. ಅಮ್ಮ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನಾನು ಕಾಲೇಜಿನಲ್ಲಿದ್ದ ಒಂದು ವರ್ಷ ಜೊತೆಗೆ ಹೋಗಿದ್ದೆ.

ಆವತ್ತು ಹಾಡಿದ್ದು ಒಬ್ಬ ಹುಡುಗಿ, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಾಂಭೋಜಿ ರಾಗವನ್ನು ನಿಧಾನವಾಗಿ ಬೆಳೆಸಿ, ಆದಿತಾಳದಲ್ಲಿ ದೊಡ್ಡದೊಂದು ಕೃತಿ ಹಾಡಿ, ಸ್ವರ ಹಾಕಿ, ತನಿ, ಅಂದರೆ ಹಾಡು ನಿಲ್ಲಿಸಿ ತಾಳವಾದ್ಯದವರಷ್ಟೇ ನುಡಿಸುವ ಭಾಗ, ಬಿಟ್ಟಳು. ತನಿ ಆವರ್ತನ ಶುರುವಾದ ತಕ್ಷಣ ಜನ ಎದ್ದು ಹೊರಗೆ ಹೋಗುವುದು ಎಲ್ಲ ಕಡೆ ಇದ್ದದ್ದೇ. ಅಲ್ಲೂ ಅರ್ಧಕ್ಕರ್ಧ ಜನ ಪಾನಕದ ಕಡೆ ಹೋದರು. ಮೃದಂಗದವರು ಒಂದು ಸುತ್ತು ನುಡಿಸಿ ಘಟದವರಿಗೆ ಬಿಟ್ಟುಕೊಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮೈಕು ನಿಂತಿತು, ಫ್ಯಾನು ನಿಂತಿತು, ಕರೆಂಟಿನ ಶ್ರುತಿಪೆಟ್ಟಿಗೆಯೂ ನಿಂತಿತು. ಹಿಂದೆ ಕೂತಿದ್ದ ಹುಡುಗನೊಬ್ಬ ತಂಬೂರಿಯನ್ನು ತೊಡೆಗೆ ಎಳೆದುಕೊಂಡು ಮೀಟತೊಡಗಿದ. ಘಟ ಮಾತ್ರ ಒಂದು ಪೆಟ್ಟೂ ತಪ್ಪಲಿಲ್ಲ. ಮೈಕಿಲ್ಲದೆ ಅದರ ಸದ್ದು ಸಣ್ಣದಾಗಿ, ಆದರೆ ಎಷ್ಟು ಹತ್ತಿರದಲ್ಲಿ ಕೇಳಿತು ಅಂದರೆ ಮಣ್ಣಿನ ಮೇಲೆ ಉಗುರು ತಾಗುವುದೂ ಬೇರೆಯಾಗಿ ಗೊತ್ತಾಗುತ್ತಿತ್ತು. ಹೊರಗೆ ಹೋದವರು ಒಬ್ಬೊಬ್ಬರೇ ಒಳಗೆ ಬಂದು ಗೋಡೆ ಹಿಡಿದು ನಿಂತರು.

ಅಷ್ಟರಲ್ಲಿ ತಮ್ಮ ಟಾರ್ಚ್ ಹಿಡಿದುಕೊಂಡು ಬಂದ. ಊರಿಂದ ದೊಡ್ಡಪ್ಪ ಬಂದಿದ್ದಾರೆ, ಅಪ್ಪ ಬರಹೇಳಿದ್ದಾರೆ ಅಂತ. ಅವನು ಬಗ್ಗಿ ಅಮ್ಮನ ಕಿವಿಯಲ್ಲಿ ಹೇಳುವಾಗ ಟಾರ್ಚಿನ ಬೆಳಕು ಅವಳ ಕೈ ಮೇಲೆ ಬಿತ್ತು. ಅವಳು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ತಟ್ಟು, ಬೀಸು, ತಟ್ಟು, ಬೀಸು. ಅವನ ಮಾತು ಪೂರ್ತಿ ಕೇಳಿಸಿಕೊಂಡಳು, ತಲೆ ಎತ್ತಿ ಅವನ ಮುಖ ನೋಡಿದಳು. ಕೈ ಮಾತ್ರ ನಿಲ್ಲಲಿಲ್ಲ. "ಮುಗೀಲಿ" ಅಂದಳು ಅಷ್ಟೇ. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಮೃದಂಗ, ಘಟ ಎರಡೂ ಸೇರಿಕೊಂಡವು, ಕೊನೆಯ ಮುಕ್ತಾಯವನ್ನು ಮೂರು ಸಲ ನುಡಿಸಿ, ಹಾಡು ಎತ್ತಿಕೊಂಡಿದ್ದ ಜಾಗಕ್ಕೆ ಸರಿಯಾಗಿ ಬಂದು ಸೇರಿದವು. ಆ ಹುಡುಗಿ ಮೈಕಿಲ್ಲದೆಯೇ ಪಲ್ಲವಿ ಎತ್ತಿಕೊಂಡಳು. ಕತ್ತಲಲ್ಲಿ ಜನ ಚಪ್ಪಾಳೆ ಹೊಡೆದದ್ದು ಬೀದಿ ಕೊನೆಯವರೆಗೂ ಕೇಳಿರಬೇಕು. ಮಂಗಳ ಆಗುವ ತನಕ ಕೂತಿದ್ದೇ ನಾವು ಎದ್ದದ್ದು. ಮನೆಗೆ ಹೋದರೆ ಅಪ್ಪನೇ ಒಲೆ ಹಚ್ಚಿ, ದೊಡ್ಡಪ್ಪನಿಗೆ ಕಾಫಿ ಮಾಡಿಕೊಟ್ಟು, ಅನ್ನಕ್ಕೂ ಇಟ್ಟಿದ್ದರು.

ಅಮ್ಮನ ಕೈಯಲ್ಲಿ ತಾಳ ಇತ್ತು. ತಾಳ ಹಾಕುವವರನ್ನು ಎಬ್ಬಿಸಬಾರದು ಅಂತ ಎಲ್ಲೂ ಬರೆದಿಲ್ಲ, ಆದರೆ ಹತ್ತು ಹನ್ನೆರಡು ವರ್ಷದ ಹುಡುಗನಿಗೂ ಅದು ಗೊತ್ತಾಯಿತು. ವೇದಿಕೆಯ ಮೇಲೆ ನುಡಿಸುವವರು, ಕೆಳಗೆ ಎಣಿಸುವವರು, ಇಬ್ಬರೂ ಒಂದೇ ಲೆಕ್ಕದಲ್ಲಿ ಇದ್ದಾರೆ. ಅಲ್ಲಿ ಅವಳು ಬೇಕಾಗಿದ್ದಳು. ಮನೆಯಲ್ಲಿ ಕಾಫಿಗೆ ಬೇಕಾಗುವುದಕ್ಕಿಂತ ಬೇರೆ ಥರ ಬೇಕಾಗಿದ್ದಳು.

ನಮ್ಮನೆಯವರು ಕುಂದಾಪುರದ ಕಡೆಯವರು. ಈ ಕತೆ ಹೇಳಿದರೆ ಅವರು ಅರ್ಧ ಒಪ್ಪುತ್ತಾರೆ. ಅವರ ಊರಲ್ಲಿ ಆಟ ಅಂದರೆ ಯಕ್ಷಗಾನ, ರಾತ್ರಿ ಇಡೀ. ಚಿಕ್ಕಂದಿನಲ್ಲಿ ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಕೂತು, ನಡುರಾತ್ರಿಗೆ ಅಲ್ಲೇ ನಿದ್ದೆಹೋಗಿ, ಬೆಳಗಿನ ಜಾವ ಚೆಂಡೆಯ ಸದ್ದು ಜೋರಾದಾಗ ಎದ್ದು ಕೂತರೆ ಮಲಗುವಾಗ ಬದುಕಿದ್ದ ರಾಕ್ಷಸ ಸತ್ತಿರುತ್ತಿದ್ದನಂತೆ. ಪಕ್ಕದ ಅಜ್ಜ ಏನಾಯಿತು ಅಂತ ಕಿವಿಯಲ್ಲಿ ಹೇಳುತ್ತಿದ್ದರಂತೆ. "ನೀನು ಯಾರೂ ಕರೀಬಾರದು ಅಂತ ಹೇಳ್ತೀಯ. ನನಗೆ ಇಷ್ಟ ಆಗ್ತಿದ್ದದ್ದು, ನಾನು ಮಲಗಿದ್ರೂ ಅದು ನಡೀತಾ ಇರುತ್ತೆ ಅನ್ನೋದು" ಅನ್ನುತ್ತಾರೆ ಅವರು. ಈಗ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ, ನಡುರಾತ್ರಿಯ ಹೊತ್ತಿಗೆ ಮಂಗಳ. ಬೆಳಗ್ಗೆ ಕೆಲಸಕ್ಕೆ ಹೋಗುವವರಿಗೆ ಅದೇ ಅನುಕೂಲ, ಕಲಾವಿದರಿಗೂ ನಿದ್ದೆ ಬೇಕು, ಸರಿಯೇ. ಆದರೆ ಅವರ ಮಾತು ನನ್ನೊಳಗೆ ಉಳಿದುಕೊಂಡಿದೆ. ನನ್ನ ಟಿವಿಯ ಸಿನಿಮಾ ನಾನು ಎದ್ದು ಹೋದರೆ ನಿಂತೇ ಇರುತ್ತದೆ. ಬಂದು ಗುಂಡಿ ಒತ್ತುವವರೆಗೂ ನಾಯಕಿ ಬಾಯಿ ಅರ್ಧ ತೆರೆದುಕೊಂಡು ನಿಂತಿರುತ್ತಾಳೆ. ನನ್ನನ್ನು ಬಿಟ್ಟು ಅದಕ್ಕೆ ಗತಿಯಿಲ್ಲ. ಹಾಗಾಗಿ ನನಗೂ ಅದನ್ನು ಬಿಟ್ಟು ಏಳಲು ಏನೂ ಅನ್ನಿಸುವುದಿಲ್ಲ.

ನಿಲ್ಲಿಸುವ ಗುಂಡಿಯ ಉಪಕಾರ

ಇಷ್ಟು ಹೇಳಿ ಆ ಗುಂಡಿಯನ್ನು ಬೈದು ಮುಗಿಸಿದರೆ ಅನ್ಯಾಯವಾಗುತ್ತದೆ. ಟಿವಿಯಲ್ಲಿ ವಾರಕ್ಕೊಂದು ಸಿನಿಮಾ ಬರುತ್ತಿದ್ದ ಕಾಲದಲ್ಲಿ ಅಮ್ಮ ಮನೆಯಲ್ಲಿ ಒಂದನ್ನೂ ಪೂರ್ತಿ ನೋಡಿದವಳಲ್ಲ. ಒಗ್ಗರಣೆ ಹಾಕಿ ಸೆರಗಿಗೆ ಕೈ ಒರೆಸುತ್ತಾ ಬಾಗಿಲಲ್ಲಿ ನಿಂತು "ಏನಾಯ್ತೇ?" ಅಂತ ಕೇಳುವಳು. ನಾವು ಪರದೆಯಿಂದ ಕಣ್ಣು ತೆಗೆಯದೆ ಎರಡು ಮಾತಲ್ಲಿ ಹೇಳುತ್ತಿದ್ದೆವು. ಅವಳಿಗೆ ಆ ಸಿನಿಮಾಗಳೆಲ್ಲ ನಾವು ಹೇಳಿದ ಎರಡು ಮಾತುಗಳಲ್ಲೇ ಗೊತ್ತು. ಈಗ ಅವಳ ಮಂಡಿ ಮೂರು ಗಂಟೆ ಜಮಖಾನೆಯ ಮೇಲೆ ಕೂರಲು ಬಿಡುವುದಿಲ್ಲ. ಹಾಸಿಗೆಗೆ ಒರಗಿಕೊಂಡು ಯೂಟ್ಯೂಬಿನಲ್ಲಿ ಕಛೇರಿ ಕೇಳುತ್ತಾಳೆ. ಒಂದು ಸಂಗತಿ, ಅಂದರೆ ಅದೇ ಸಾಲನ್ನು ಬೇರೆ ಥರ ತಿರುಗಿಸಿ ಹಾಡುವುದು, ಚೆನ್ನಾಗಿ ಬಂದರೆ ಹತ್ತು ಸೆಕೆಂಡು ಹಿಂದೆ ಹೋಗಿ ಮತ್ತೆ ಕೇಳುತ್ತಾಳೆ, ಮತ್ತೂ ಒಮ್ಮೆ. ಮೊದಲೆಲ್ಲ ಮನಸ್ಸಲ್ಲೇ ಹಿಡಿದಿಟ್ಟುಕೊಂಡು ಮನೆಗೆ ಬರಬೇಕಿತ್ತು, ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಹಾರಿಹೋಗುತ್ತಿತ್ತು ಅನ್ನುತ್ತಾಳೆ. ಮಗ ಕೈಗೂಸಾಗಿದ್ದಾಗ ನಾನೂ ಒಂದೊಂದು ಸಿನಿಮಾವನ್ನು ವಾರಗಟ್ಟಲೆ ತುಂಡು ತುಂಡಾಗಿ ನೋಡಿದ್ದೇನೆ, ಅವನು ತೊಡೆಯ ಮೇಲೆ ಮಲಗಿರುವಾಗ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಆ ತುಂಡುಗಳಿಲ್ಲದಿದ್ದರೆ ಆ ವರ್ಷ ಇನ್ನೂ ಕಷ್ಟ ಇರುತ್ತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ರಾತ್ರಿ ಪಾಳಿಯವರು, ಇವರಿಗೆಲ್ಲ ಹಾಗೆ ತುಂಡಾಗಿ ಸಿಗುವುದೇ ಬಿಡುವು.

ಹಾಗಾಗಿ ಗುಂಡಿ ಇರಲಿ. ಅದನ್ನು ಒತ್ತುವವರು ಯಾರು ಅನ್ನುವುದೇ ನನ್ನ ಪ್ರಶ್ನೆ. ಅಮ್ಮ ಸಂಗತಿಗಾಗಿ ನಿಲ್ಲಿಸಿದಾಗ ಒತ್ತಿದ್ದು ಅವಳೇ. ನನ್ನ ಶನಿವಾರದ ಸಿನಿಮಾ ನಿಂತಾಗ ಬೆರಳು ನನ್ನದು, ಒತ್ತಿಸಿದವರು ಬೇರೆ. ಹೀಗೆ ಒತ್ತಿಸಿಕೊಳ್ಳುವವರು ಮನೆಯಲ್ಲಿ ಹೆಚ್ಚಾಗಿ ಒಬ್ಬರೇ ಇರುತ್ತಾರೆ, ಅದು ಯಾರು ಅಂತ ನಿಮ್ಮ ನಿಮ್ಮ ಮನೆಯಲ್ಲಿ ನೋಡಿಕೊಳ್ಳಿ. ಇದರ ಜೊತೆಗೆ ಈಗ ಒಂದೂವರೆ ಪಟ್ಟು ವೇಗದಲ್ಲಿ ನೋಡುವುದು ಬೇರೆ ಬಂದಿದೆ. ನೆಟ್‌ಫ್ಲಿಕ್ಸಿನವರು 2019ರಲ್ಲಿ ಇದನ್ನು ಪರೀಕ್ಷೆ ಮಾಡಲು ಹೊರಟಾಗಲೇ ಹಾಲಿವುಡ್ಡಿನ ಕೆಲವು ನಿರ್ದೇಶಕರು ಸಿಟ್ಟಾಗಿದ್ದರು, ಮುಂದಿನ ವರ್ಷ ಮೊಬೈಲಿಗೆ ಬಂದೇಬಂತು. ಪಾಠದ ವಿಡಿಯೋ ಹಾಗೆ ನೋಡಬಹುದು. ಸಿನಿಮಾವನ್ನು ಹಾಗೆ ನೋಡುವವರು, ಯಾರಾದರೂ ಕರೆಯುವಷ್ಟರಲ್ಲಿ ಮುಗಿಸಿಬಿಡೋಣ ಅನ್ನುವ ಆತುರದಲ್ಲೇ ನೋಡುತ್ತಾರೆ ಅಂತ ನನ್ನ ಗುಮಾನಿ.

ತಮ್ಮ ಹೇಳುವ ಪ್ರಕಾರ ಒಬ್ಬರೇ ಆಡುವ ಆಟಗಳಲ್ಲೂ ಬೇಕಂತಲೇ ನಿಲ್ಲಿಸಲು ಬಿಡದವು ಇವೆ. ಜಪಾನಿನ ಫ್ರಮ್ ಸಾಫ್ಟ್‌ವೇರ್ ಕಂಪನಿಯ ಡಾರ್ಕ್ ಸೋಲ್ಸ್ ಥರದ ಆಟಗಳಲ್ಲಿ ಚೀಲ ತೆರೆದು ಕತ್ತಿ ಹುಡುಕುತ್ತಾ ಕೂತರೂ ಶತ್ರು ಬಂದು ಹೊಡೆಯುವುದು ಹೊಡೆಯುವುದೇ. ಉಸಿರು ಬಿಡಬೇಕಾದರೆ ಮೊದಲು ಶತ್ರುಗಳಿಲ್ಲದ ಜಾಗಕ್ಕೆ ಹೋಗಿ ಸೇರಬೇಕು. ಜನ ಅಂಥ ಆಟಗಳನ್ನು ಹುಚ್ಚು ಹಿಡಿದವರ ಹಾಗೆ ಆಡುತ್ತಾರೆ. ಕಷ್ಟ ಅಂತ ಇಷ್ಟಪಡುತ್ತಾರೆ ಅನ್ನುವುದು ಸಾಮಾನ್ಯವಾಗಿ ಕೊಡುವ ಕಾರಣ. ನನಗೆ ಅದರಷ್ಟೇ ದೊಡ್ಡ ಇನ್ನೊಂದು ಕಾರಣ ಕಾಣುತ್ತದೆ. ಬಾಗಿಲು ತಟ್ಟಿದವರಿಗೆ ನಿಜವನ್ನೇ ಹೇಳಬಹುದಲ್ಲ, ಈಗ ಆಗಲ್ಲ ಅಂತ.

ಶನಿವಾರ ಬೆಳಗ್ಗೆ

ತಮ್ಮ ಈಗ ಡಲ್ಲಾಸಿನಲ್ಲಿದ್ದಾನೆ. ಫೋನಿನಲ್ಲಿ ನಮ್ಮ ಮಾತು ಅಮ್ಮನ ಮಂಡಿ, ಅವನ ಮಗಳ ಸ್ಕೂಲು, ಅಲ್ಲಿಯ ಸೆಕೆ, ಇಷ್ಟರಲ್ಲೇ ಮುಗಿಯುತ್ತಿತ್ತು. ಈ ಬೇಸಿಗೆಯಿಂದ ನಾವು ಮತ್ತೆ ಒಟ್ಟಿಗೆ ಆಡುತ್ತಿದ್ದೇವೆ. ಇಟ್ ಟೇಕ್ಸ್ ಟೂ ಅಂತ 2021ರಲ್ಲಿ ಬಂದ ಆಟ, ಸ್ವೀಡನ್ನಿನ ಹೇಝ್‌ಲೈಟ್ ಅನ್ನುವ ಕಂಪನಿ ಮಾಡಿದ್ದು. ಒಬ್ಬರೇ ಆಡಲು ಸಾಧ್ಯವೇ ಇಲ್ಲ, ಕಡ್ಡಾಯವಾಗಿ ಇಬ್ಬರು ಬೇಕು. ಒಬ್ಬರು ಕೊಂಡರೆ ಸಾಕು, ಇ‌ನ್ನೊಬ್ಬರು ಹಾಗೇ ಸೇರಿಕೊಳ್ಳಬಹುದು. ಬೇರೆಯಾಗಲು ಹೊರಟ ಗಂಡ ಹೆಂಡತಿ ಇದ್ದಕ್ಕಿದ್ದಂತೆ ಪುಟ್ಟ ಗೊಂಬೆಗಳಾಗಿಬಿಡುತ್ತಾರೆ, ಅವನು ಮಣ್ಣಿನದು, ಅವಳು ಮರದ್ದು. ಶೆಡ್ಡಿನ ಹಂತದಲ್ಲಿ ಅವನ ಕೈಗೆ ಮೊಳೆ ಬರುತ್ತದೆ, ಅವಳ ಕೈಗೆ ಸುತ್ತಿಗೆ. ಅವನು ಗೋಡೆಗೆ ಮೊಳೆ ಎಸೆದು ನೆಟ್ಟರೆ ಅವಳು ಸುತ್ತಿಗೆಯನ್ನು ಅದಕ್ಕೆ ಸಿಕ್ಕಿಸಿಕೊಂಡು ಜೀಕಿ ಆಚೆ ದಡಕ್ಕೆ ಹಾರುತ್ತಾಳೆ. ಗಂಡನಾಗಿ ಆಡುವ ತಮ್ಮ ಮೊಳೆಯನ್ನು ಬೇಗ ವಾಪಸ್ ಕರೆಸಿಕೊಂಡರೆ ನಾನು ಬಿದ್ದೆ. "ಇರೋ, ಇನ್ನೂ ತೆಗೀಬೇಡ!" ಅಂತ ಈಗ ಕಿರುಚುವವಳು ನಾನು.

ಇಲ್ಲಿಯ ಶನಿವಾರ ಬೆಳಗ್ಗೆ 7:30 ಅಂದರೆ ಬೇಸಿಗೆಯಲ್ಲಿ ಅವನಿಗೆ ಶುಕ್ರವಾರ ರಾತ್ರಿ 9. ಅವನು ಮಗಳನ್ನು ಮಲಗಿಸಿ ಬರುತ್ತಾನೆ, ನಾನು ಹಿಂದಿನ ರಾತ್ರಿಯೇ ದೋಸೆ ಹಿಟ್ಟು ರುಬ್ಬಿಟ್ಟು ಕೂರುತ್ತೇನೆ. ಮನೆಯವರಿಗೆ ಮೊದಲೇ ಹೇಳಿದ್ದೆ, ಅವನ ಕಡೆ ರಾತ್ರಿ, ಅವನನ್ನು ಕಾಯಿಸುವ ಹಾಗಿಲ್ಲ ಅಂತ. ಒಪ್ಪಿಕೊಂಡರು. ನಮ್ಮನೆಯವರೇ ದೋಸೆ ಹುಯ್ಯುತ್ತಾರೆ. ಮೊದಮೊದಲು ಕಾವಲಿಗೆ ಅಂಟಿಕೊಳ್ಳುತ್ತಿತ್ತು, ಈಗ ಚೆನ್ನಾಗಿಯೇ ಏಳುತ್ತದೆ. ಮಗ ಒಮ್ಮೊಮ್ಮೆ ಬಂದು ಹಿಂದೆ ನಿಂತು, ಮಾವನ ಕಡೆಯ ಪರದೆಯನ್ನೂ ನೋಡುತ್ತಾ, ಎಡಗಡೆ ಹೋಗಬೇಕಿತ್ತು ಅಂತ ಹೇಳಿಕೊಡುತ್ತಾನೆ.

ಹೋದ ವಾರ ಗಡಿಯಾರದ ಒಳಗಿನ ಹಂತದಲ್ಲಿದ್ದೆವು. ಕೆಳಗಿನ ಮನೆಯವರು ನೀರಿನ ಟ್ಯಾಂಕರಿನ ದುಡ್ಡಿನ ವಿಷಯ ಮಾತಾಡಲು ಬಂದರು. ಬಾಗಿಲು ತೆಗೆದದ್ದು ಅಮ್ಮ. ಅವಳ ದನಿ ನನಗೆ ಇಯರ್‌ಫೋನಿನ ಆಚೆಯಿಂದ ಕೇಳಿಸಿತು. "ಅವಳು ತಮ್ಮನ ಜೊತೆ ಆಟದಲ್ಲಿದ್ದಾಳೆ ಕಣ್ರೀ. ಒಂಬತ್ತು ಗಂಟೆ ಮೇಲೆ ಬನ್ನಿ, ಇಲ್ಲಾಂದ್ರೆ ದುಡ್ಡು ಎಷ್ಟಾಯ್ತು ಹೇಳಿ, ನಾನೇ ಕೊಡ್ತೀನಿ."